ಸೋಲದೆ ಕಟ್ಟಿದ ತಂಡ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ದೊಡ್ಡ ಲೀಗ್ ಎಎಫ್‌ಎಲ್. ಅಲ್ಲಿ ವರ್ಷದ ಕೊನೆಗೆ ನಡೆಯುವ ಡ್ರಾಫ್ಟ್‌ನಲ್ಲಿ ತಳದಲ್ಲಿ ಉಳಿದ ತಂಡಕ್ಕೆ ಹೊಸ ಹುಡುಗರನ್ನು ಮೊದಲು ಆರಿಸುವ ಹಕ್ಕು. ಹಾಗಾಗಿ ‘ಕೆಲವು ವರ್ಷ ಸೋಲೋಣ, ಆಮೇಲೆ ಗೆಲ್ಲೋಣ’ ಎಂಬ ತರ್ಕಕ್ಕೆ ಅಲ್ಲಿ ಬೆಲೆಯಿದೆ. ನಾನು ಮೆಚ್ಚುವ ಜೀಲಾಂಗ್ ಕ್ಲಬ್ ಅದನ್ನು ಒಪ್ಪಲಿಲ್ಲ.

2022ರ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿಯನ್ನು 81 ಅಂಕಗಳಿಂದ ಮಣಿಸಿದ ಅದರ ಆಟಗಾರರ ಪಟ್ಟಿಯನ್ನು ಒಂದು ಸಂಕಲನದಂತೆ ಓದಬಹುದು. ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಅಡಿಲೇಡ್‌ನಿಂದ ಬಂದವರು. ಟೈಸನ್ ಸ್ಟೆಂಗಲ್ ಅದರ ಹಿಂದಿನ ವರ್ಷ ಎಎಫ್‌ಎಲ್‌ನಿಂದಲೇ ಹೊರಗಿದ್ದವರು. ಪಂದ್ಯಶ್ರೇಷ್ಠ ಐಸಾಕ್ ಸ್ಮಿತ್‌ಗೆ ಆಗಲೇ 33 ವರ್ಷ. ಬೇರೆಯವರು ‘ಮುಗಿಯಿತು’ ಎಂದು ಮುಚ್ಚಿಟ್ಟ ಪುಟಗಳನ್ನು ಜೀಲಾಂಗ್ ತೆರೆದು ಓದಿತು.

ಈ ದಾರಿಗೂ ಮಿತಿಯಿದೆ. 2023ರಲ್ಲಿ ತಂಡ 12ನೇ ಸ್ಥಾನಕ್ಕಿಳಿಯಿತು. 2025ರ ಗ್ರ್ಯಾಂಡ್ ಫೈನಲ್ ತಲುಪಿಯೂ ಬ್ರಿಸ್ಬೇನ್‌ಗೆ ಸೋತಿತು. ಗೆಲ್ಲುವ ತಂಡಕ್ಕೆ ಒಳ್ಳೆಯ ಆಟಗಾರರು ತಾವಾಗಿ ಬರುತ್ತಾರೆ. ಸೋಲುವ ಕ್ಲಬ್ಬಿಗೆ ಆ ಅನುಕೂಲವಿಲ್ಲ. ಆದ್ದರಿಂದ ಜೀಲಾಂಗ್ ಎಲ್ಲರಿಗೂ ಮಾದರಿ ಎನ್ನಲಾರೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ‘ಐದು ವರ್ಷ ತಾಳಿ’ ಎನ್ನುವ ಆಡಳಿತಗಾರರು ಪ್ರತಿ ಶನಿವಾರ ಮೈದಾನಕ್ಕೆ ಬರುವ ಮುದುಕರ ಆ ಐದು ವರ್ಷಗಳನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ? ನಾಳೆಯ ಕಪ್ಪಿಗಾಗಿ ಇವತ್ತಿನ ಆಟವನ್ನು ಅಡವಿಡದಿರುವುದೂ ಅಭಿಮಾನಿಗೆ ಸಲ್ಲುವ ಗೌರವವೇ.