ಹಿಂದಿನ ಎಳೆ ಮರೆಯದ ಬ್ಲಾಕು

ಕೊಳ್ಳೇಗಾಲದ ನಮ್ಮ ತಾರಸಿಯ ಮೇಲೊಂದು ಆಂಟೆನಾ, ಕೆಳಗೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹೆಬ್ಬೆರಳು ಗಾತ್ರದ ಡಾಂಗಲ್. ಟಿವಿ ನೋಡಲೆಂದು ತಯಾರಾದ ಈ ಆರ್‌ಟಿಎಲ್ ಡಾಂಗಲ್ ರೇಡಿಯೋ ಅಲೆಯನ್ನು ಹಸಿ ಅಂಕಿಗಳಾಗಿಯೇ ಕೊಡಬಲ್ಲದೆಂದು ಹವ್ಯಾಸಿಗಳಿಗೆ ಗೊತ್ತಾದದ್ದು 2012ರಲ್ಲಿ. ಉಳಿದದ್ದು ಸಾಫ್ಟ್‌ವೇರಿನ ಕೆಲಸ. 2001ರಿಂದ ಬೆಳೆದುಬಂದ ಗ್ನೂ ರೇಡಿಯೋ ಉಚಿತ. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬ್ಲಾಕು; ತೆರೆಯ ಮೇಲೆ ಬ್ಲಾಕಿಗೆ ಬ್ಲಾಕು ಗೆರೆ ಎಳೆದು ಜೋಡಿಸಿದರೆ ಮೈಸೂರು ಆಕಾಶವಾಣಿಯ 100.6 ಕೇಳಿಸುತ್ತದೆ.

ಸಿದ್ಧ ಬ್ಲಾಕುಗಳು ಚೆನ್ನಾಗಿಯೇ ಇವೆ. ಆದರೂ ಒಂದನ್ನಾದರೂ ಸ್ವಂತ ಬರೆಯದೆ ಈ ಹವ್ಯಾಸದ ರುಚಿ ಹತ್ತುವುದಿಲ್ಲ.

ನಾನು ಮೊದಲು ಬರೆದದ್ದು ಎಫ್‌ಎಂ ಬಿಡಿಸುವ ಬ್ಲಾಕು. ಎಫ್‌ಎಂನಲ್ಲಿ ದನಿ ಅಡಗಿರುವುದು ಅಲೆಯ ಕೋನ ಎಷ್ಟು ಬೇಗ ತಿರುಗುತ್ತಿದೆ ಎಂಬುದರಲ್ಲಿ. ಡಾಂಗಲ್ಲಿನಿಂದ ಸೆಕೆಂಡಿಗೆ 2,40,000 ಮಾದರಿ ತೆಗೆದುಕೊಂಡೆ. ಪ್ರತಿ ಮಾದರಿಯನ್ನೂ ಅದರ ಹಿಂದಿನದಕ್ಕೆ ಹೋಲಿಸಿ, ಕೋನದ ವ್ಯತ್ಯಾಸ ತೆಗೆದರೆ ಅದೇ ದನಿ. ಪೈಥಾನಿನಲ್ಲಿ ನಾಲ್ಕೈದು ಸಾಲು, ಅಷ್ಟೆ. ವಾರ್ತೆ ಕೇಳಿಸಿತು, ಅದರ ಬೆನ್ನಿಗೇ ಒಣಕಡ್ಡಿ ಮುರಿದ ಹಾಗೆ ಚಿಟಪಟ. ಆಂಟೆನಾ ತಿರುಗಿಸಿದೆ, ಕೇಬಲ್ ಬದಲಿಸಿದೆ. ಹೋಗಲಿಲ್ಲ.

ತಪ್ಪು ಬ್ಲಾಕಿನೊಳಗೇ ಇತ್ತು. ಗ್ನೂ ರೇಡಿಯೋ ಮಾದರಿಗಳನ್ನು ಬ್ಲಾಕಿಗೆ ಕಂತುಕಂತಾಗಿ ಒಪ್ಪಿಸುತ್ತದೆ. ಕಂತು ಇಷ್ಟೇ ಉದ್ದ ಎಂಬ ಖಾತ್ರಿಯೂ ಇಲ್ಲ. ಪ್ರತಿ ಕಂತಿನ ಮೊದಲ ಮಾದರಿಗೆ ಹೋಲಿಸಲು ಹಿಂದಿನದು ನನ್ನ ಬಳಿ ಇರಲಿಲ್ಲ, ಸೊನ್ನೆ ತುಂಬಿದ್ದೆ. ನಮ್ಮೂರ ರೇಷ್ಮೆ ಮಗ್ಗದಲ್ಲಿ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಕೆಚ್ಚುತ್ತಾರೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಗೆರೆ. ಇಲ್ಲಿಯೂ ಅಷ್ಟೇ: ಕಂತಿನ ಕೊನೆಯ ಮಾದರಿಯನ್ನು ತೆಗೆದಿಟ್ಟುಕೊಂಡು ಮುಂದಿನ ಕಂತಿನ ತಲೆಗೆ ಕೆಚ್ಚಬೇಕು. ಆ ಒಂದು ಸಾಲು ಸೇರಿಸಿದೆ, ಚಿಟಪಟ ನಿಂತಿತು. ಆ ಕ್ಷಣದ ನಿಶ್ಶಬ್ದವನ್ನು ನಾನು ಇಂದಿಗೂ ಯಾವ ಹಾಡಿಗೂ ಬಿಟ್ಟುಕೊಡಲಾರೆ.

ಹನೂರಿನ ಕಡೆ ಹೋದರೆ ದೂರವೂ ಬೆಟ್ಟದ ಮರೆಯೂ ಸೇರಿ ಸಂಕೇತ ಸೊರಗುತ್ತದೆ. ಅಲ್ಲಿಗೆಂದು, ಬಲ ಕುಗ್ಗಿದಾಗ ದನಿಯನ್ನೇ ಮುಚ್ಚುವ ಇನ್ನೊಂದು ಪುಟ್ಟ ಬ್ಲಾಕು ಬರೆದುಕೊಂಡೆ. ಅದಕ್ಕೂ ನೆನಪು ಬೇಕು, ಹಿಂದಿನ ಬಲದ ಸರಾಸರಿಯದು.

ಇದಕ್ಕೆಲ್ಲ ರೇಡಿಯೋವನ್ನೇ ಓದಿರಬೇಕೆಂದಿಲ್ಲ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದವರು ಡಾ. ಎಂ.ವಿ. ಗೋಪಾಲಸ್ವಾಮಿ, ಮನಃಶಾಸ್ತ್ರದ ಪ್ರಾಧ್ಯಾಪಕರು. ರೇಡಿಯೋ ಅವರ ಓದಿನ ವಿಷಯವಾಗಿರಲಿಲ್ಲ. ಹನೂರು, ಯಳಂದೂರಿನ ಕಾಲೇಜು ಮಕ್ಕಳೇ, ನೀವು ಯಾವ ವಿಷಯ ಓದುತ್ತಿದ್ದರೂ ಸರಿ, ಈ ಭಾನುವಾರ ಎಫ್‌ಎಂ ಬ್ಲಾಕೊಂದನ್ನು ಬರೆದು ನೋಡಿ. ಕೇಳುವುದಕ್ಕೆ ಮಾತ್ರ; ಪ್ರಸಾರಕ್ಕೆ ಪರವಾನಗಿ ಬೇಕು.