ಬಂದರು ನಗರಿ ಮುಂಬಯಿ ಮತ್ತು ‘ಶಿಕಾರಿ’: ಒಂದು ಜಾನಪದೀಯ ಓದು

ಗೌರಿಬಿದನೂರು ಮೊದಲಾದ ಬಯಲುಸೀಮೆಯ ಊರುಗಳ ಜನಪದರಿಗೆ ಪಟ್ಟಣವೆಂದರೆ ಬೆಂಗಳೂರು. ಬೆಳಿಗ್ಗೆ ಹೋದವನು ರಾತ್ರಿಯೂಟಕ್ಕೆ ಮರಳಬಲ್ಲ. ಕರಾವಳಿಯ ಕನ್ನಡಿಗರಿಗಾದರೋ ಬಹುಕಾಲ ಪಟ್ಟಣವೆಂದರೆ ಮುಂಬಯಿ. ದ್ವೀಪಕ್ಕೂ ಒಳನಾಡಿಗೂ ನಡುವಿನ ಆಳವಾದ ಸಹಜ ಬಂದರೇ ಆ ಮಹಾನಗರದ ಮೂಲ ಬಂಡವಾಳ. 1875ರ ಸಸೂನ್ ಡಾಕ್, 1880ರ ಪ್ರಿನ್ಸಸ್ ಡಾಕ್, 1888ರ ವಿಕ್ಟೋರಿಯಾ ಡಾಕ್‌ಗಳು ಅದರ ಮೇಲೆ ಕಟ್ಟಿದವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಳ್ಳುವುದಕ್ಕೆ ಬಹಳ ಮೊದಲೇ ಮಂಗಳೂರು, ಕಾರವಾರಗಳ ಕಡೆಯ ಜನ ಉಗಿಹಡಗನ್ನೇರಿ ಅಲ್ಲಿಗೆ ತಲುಪುತ್ತಿದ್ದರು.

ಕನ್ನಡ ವಿಮರ್ಶೆ ಈ ಬಂದರನ್ನು ಗಂಭೀರವಾಗಿ ಪರಿಗಣಿಸಲೇ ಇಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯನ್ನು ಮಹಾನಗರದಲ್ಲಿ ಒಂಟಿಯಾದ ವ್ಯಕ್ತಿಯ ಅಸ್ತಿತ್ವದ ಬಿಕ್ಕಟ್ಟೆಂದು ಓದುವುದೇ ರೂಢಿಯಾಯಿತು. ನವ್ಯದ ಪರಿಭಾಷೆಗೆ ಈ ಓದು ಒಪ್ಪುತ್ತದೆ. ಕೃತಿಗೆ ಅರ್ಧ ಮಾತ್ರ ಒಪ್ಪುತ್ತದೆ. ನಾಗಪ್ಪನನ್ನು ಕಾಡುವುದು ಕೇವಲ ಅಪರಿಚಿತತೆಯಲ್ಲ, ಅತಿಪರಿಚಯ. ಅವನನ್ನು ಬೇಟೆಯಾಡುವವರ ಕೈಯಲ್ಲಿ ಕಂಪನಿಯ ಕಾಗದಪತ್ರಗಳಿರುವಂತೆ ಊರಿನ ನೆನಪುಗಳೂ ಇವೆ. ಹುಟ್ಟು, ಜಾತಿ, ಮನೆತನಗಳ ಕುರಿತ ಪಿಸುಮಾತು ಹನೇಹಳ್ಳಿಯಿಂದ ಹೊರಟು ಮುಂಬಯಿಯಲ್ಲಿ ಆಯುಧವಾಗುತ್ತದೆ. ಹಳ್ಳಿಯ ಕಟ್ಟೆಯ ಮೇಲೆ ಗಾಳಿಸುದ್ದಿ ಮಾಡುವ ಕೆಲಸವನ್ನೇ ಇಲ್ಲಿ ಸಹಿಯಿಲ್ಲದ ಆರೋಪ, ಗುಟ್ಟಿನ ವಿಚಾರಣೆಗಳು ಮಾಡುತ್ತವೆ.

ಇದಕ್ಕೆ ಕಾರಣ ವಲಸೆಯ ಸ್ವರೂಪದಲ್ಲಿದೆ. ಹಡಗು ಬಿಡಿ ವ್ಯಕ್ತಿಗಳನ್ನಷ್ಟೇ ಸಾಗಿಸಲಿಲ್ಲ, ಊರುಗಳನ್ನೇ ಸಾಗಿಸಿತು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ಸ್ಥಾಪನೆಗೊಂಡಿತು. ಮಳೆಗಾಲದಲ್ಲಿ ಊರಿನ ಬಯಲಾಟಗಳು ನಿಂತಾಗ ಯಕ್ಷಗಾನ ಕಲಾವಿದರು ಮುಂಬಯಿಯ ರಂಗಮಂದಿರಗಳತ್ತ ಹೊರಡುತ್ತಾರೆ. ಮುಂಬಯಿಯ ಗಳಿಕೆ ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಸಲ್ಲುತ್ತದೆ. ಕೆಲಸ ಕೊಡಿಸುವ, ಚಾಳಿನಲ್ಲಿ ಮಲಗಲು ಜಾಗ ತೋರಿಸುವ ಈ ಬಂಧವೇ ಹೆಜ್ಜೆಹೆಜ್ಜೆಗೂ ಮನುಷ್ಯನನ್ನು ಗುರುತಿಸುತ್ತಲೂ ಇರುತ್ತದೆ. ಜಾನಪದ ಅಧ್ಯಯನಗಳು ಮೊದಲನೆಯದನ್ನು ಕೊಂಡಾಡಿ ಎರಡನೆಯದರ ಬಗ್ಗೆ ಮೌನ ತಾಳಿವೆ. ‘ಸಮುದಾಯ’ವೆಂಬ ಪದವನ್ನು ವಿದ್ವಾಂಸರು ತುಸು ಹೆಚ್ಚೇ ಪ್ರೀತಿಸುತ್ತಾರೆ.

ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಈ ಬಂಧ ಸಡಿಲಗೊಂಡಿದೆ. ಅಲ್ಲಿ ಊರು, ಕುಲ ತಿಳಿಯದವರೇ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ನಾಗಪ್ಪನಿಗೆ ಮುಂಬಯಿ ಕೊಡದೆ ಹೋದದ್ದು ಇಂಥ ಅಪರಿಚಿತರನ್ನು.