ಹಿತ್ತಿಲಿಗೆ ಬಂದ ಟರ್ಫ್

ಬೆಂಗಳೂರಿನ ಮಕ್ಕಳು ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಬಾಕ್ಸ್ ಕ್ರಿಕೆಟ್ ಆಡುವ ಟರ್ಫ್ ಈಗ ಮನೆಯ ಹಿತ್ತಿಲಿಗೂ ಕಾಲಿಟ್ಟಿದೆ. ಹಾಸುವ ಕಂಪನಿಯವರು ಚದರಡಿ ಲೆಕ್ಕದಲ್ಲಿ ದರ ಮಾತಾಡಿ, ನಾಲ್ಕು ದಿನದೊಳಗೆ ನೆಲಕ್ಕೆ ಹಸಿರು ಹಾಸಿ, ಬಿಳಿ ಗೆರೆ ಕೂರಿಸಿ, ಸುತ್ತ ನೈಲಾನ್ ಬಲೆ ಕಟ್ಟಿ ಹೋಗುತ್ತಾರೆ. ಮನೆಯಲ್ಲೇ ಕೋರ್ಟ್ ಮಾಡಿಕೊಡುತ್ತೇವೆ ಎಂಬ ಅವರ ಭರವಸೆ ಮಾತ್ರ ಟೇಪು ಹಿಡಿದರೆ ನಿಲ್ಲುವುದಿಲ್ಲ.

ಬ್ಯಾಡ್ಮಿಂಟನ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಪಿಕಲ್‌ಬಾಲ್‌ಗೂ ಅದೇ ಅಳತೆ. ಕ್ರಿಕೆಟ್‌ನಲ್ಲಿ ವಿಕೆಟ್‌ನಿಂದ ವಿಕೆಟ್‌ಗೆ 66 ಅಡಿ. 30–40ರ ಸೈಟಿನಲ್ಲಿ ಮನೆಯನ್ನೇ ಕಟ್ಟದೆ ಬಿಟ್ಟರೂ ಇವುಗಳಲ್ಲಿ ಒಂದೂ ಹಿಡಿಯುವುದಿಲ್ಲ. 60–40ರಲ್ಲಿ ಮನೆಯ ಹಿಂದೆ ಹೆಚ್ಚೆಂದರೆ ಹತ್ತು ಹನ್ನೆರಡು ಅಡಿಯ ಪಟ್ಟೆ ಉಳಿದೀತು. ಅಷ್ಟು ಜಾಗದಲ್ಲಿ ಥ್ರೋಡೌನ್ ಆಡಬಹುದು, ಫುಟ್‌ಬಾಲನ್ನು ಗೋಡೆಗೆ ಒದ್ದು ಹಿಡಿತ ಕಲಿಯಬಹುದು, ಪುಟ್ಟ ಮಕ್ಕಳು ಮೊಣಕಾಲು ತರಚಿಕೊಳ್ಳದೆ ಬಿದ್ದೇಳಬಹುದು. ಇದೇನು ಸಣ್ಣ ಲಾಭವಲ್ಲ. ರಸ್ತೆಗೆ ಮಕ್ಕಳನ್ನು ಬಿಡಲಾಗದ ಊರಿನಲ್ಲಿ ಎಂಟು ವರ್ಷದ ಹುಡುಗಿಗೆ ದಿನಾ ಸಂಜೆ ಬ್ಯಾಟು ಬೀಸಲು ಜಾಗ ಸಿಕ್ಕರೆ ಆ ಖರ್ಚು ಸಾರ್ಥಕ. ಮಾರುವವರು ಅಷ್ಟನ್ನೇ ಹೇಳಿ ಮಾರಲಿ, ಅದಕ್ಕೆ ತಕ್ಕಂತೆ ಹಾಸಲಿ.

ಆದರೆ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು 35, 40 ಮಿಲಿಮೀಟರ್ ಉದ್ದದ ದಟ್ಟ ಎಳೆಯ ಹಾಸು. ನೋಡಲು ಚೆಂದ. ಚೆಂಡು ಅದರ ಮೇಲೆ ಓಡುವುದಿಲ್ಲ. ಬ್ಯಾಟು, ಚೆಂಡಿನ ಆಟಕ್ಕೆ 10ರಿಂದ 15 ಮಿಲಿಮೀಟರ್‌ನ ಗಿಡ್ಡ ಎಳೆ ಬೇಕು.

ಕೆಲಸದ ಗುಣ ತಿಳಿಯಲು ಒಂದು ಮಳೆಗಾಲ ಕಳೆದ ಮೇಲೆ ಹಾಸಿನ ಒಂದು ಮೂಲೆ ಎತ್ತಿಸಿ ನೋಡಬೇಕು. ಹಳೆಯ ಸಿಮೆಂಟ್ ನೆಲಕ್ಕೆ ನೇರವಾಗಿ ಅಂಟಿಸಿದ್ದರೆ ಅಂಟು ಬಿಟ್ಟಿರುತ್ತದೆ, ಕೆಳಗೆ ಕಪ್ಪು ಲೋಳೆ. ಹಾಸಿನ ತೂತುಗಳಿಂದ ಇಳಿದ ನೀರಿಗೆ ಮುಂದೆ ದಾರಿಯಿಲ್ಲದೆ ಮುಗ್ಗಲು ವಾಸನೆ. ನಾಯಿ ಸಾಕಿದ ಮನೆಯಲ್ಲಂತೂ ಮೂಗು ಮುಚ್ಚಿಕೊಳ್ಳಬೇಕು. ಎರಡು ಹಾಳೆ ಕೂಡುವಲ್ಲಿ ಅಂಚು ಮೇಲೆದ್ದು ಓಡುವ ಮಕ್ಕಳ ಕಾಲಿಗೆ ಎಡವುತ್ತದೆ. ಕೆಲಸ ಬಲ್ಲವರು ಮೊದಲು ಮಣ್ಣು ತೆಗೆದು, ಜಲ್ಲಿ ಹರಡಿ, ಕುಟ್ಟಿ ಗಟ್ಟಿ ಮಾಡಿ, ಮೇಲೆ ಜಲ್ಲಿಪುಡಿಯ ಪದರ ಕೊಟ್ಟು, ನೂರು ಅಡಿಗೆ ಒಂದಡಿಯ ಲೆಕ್ಕದಲ್ಲಿ ಇಳಿಜಾರು ಮಾಡುತ್ತಾರೆ. ಬಿದ್ದ ಮಳೆ ಬಹುಪಾಲು ಅಲ್ಲೇ ಇಂಗುತ್ತದೆ.

ಕ್ರಿಕೆಟ್ ಬಂದಾಗ ಲೆಕ್ಕ ತಪ್ಪುತ್ತದೆ. ಜಲ್ಲಿಯ ತಳದ ಮೇಲೆ ಚೆಂಡು ಸರಿಯಾಗಿ ಪುಟಿಯದು, ಆದ್ದರಿಂದ ಕಾಂಕ್ರೀಟ್ ಹಾಕಿಸಿ ಎನ್ನುತ್ತಾರೆ. ಚೆಂಡು ಬೀಳುವ ಐದಾರು ಅಡಿ ಅಗಲದ ಪಟ್ಟಿಗೆ ಮಾತ್ರ ಹಾಕಿದರೆ ಸಾಕು. ಇಡೀ ಹಿತ್ತಿಲಿಗೆ ಸುರಿದರೆ ಆ ಸೈಟಿನಲ್ಲಿ ನೀರು ಇಂಗಲು ಉಳಿದಿದ್ದ ಕೊನೆಯ ಮಣ್ಣೂ ಹೋಯಿತು. ಮಳೆನೀರು ಕೊಯ್ಲನ್ನು 2009ರಲ್ಲೇ ಕಾನೂನು ಮಾಡಿದ ಊರಿದು. ಅಂಥ ಊರಿನಲ್ಲಿ ಇಂಗುಗುಂಡಿಯ ಮುಚ್ಚಳದ ಮೇಲೆಯೇ ಹಾಸು ಅಂಟಿಸುವುದನ್ನು ನಾನು ಯಾವ ನೆಪಕ್ಕೂ ಒಪ್ಪಲಾರೆ.

ಈ ಹಾಸು ಹೆಸರು ಮಾಡಿದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ. ಅಲ್ಲಿನ ಆಸ್ಟ್ರೋಡೋಮ್ ಕ್ರೀಡಾಂಗಣದ ಪಾರದರ್ಶಕ ಚಾವಣಿಯ ಬೆಳಕಿಗೆ ಆಟಗಾರರ ಕಣ್ಣು ಕೋರೈಸುತ್ತದೆಂದು ಗಾಜಿನಂಥ ಆ ಹಲಗೆಗಳಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಹುಲ್ಲು ಸತ್ತಿತು. 1966ರಲ್ಲಿ ಪ್ಲಾಸ್ಟಿಕ್ ಹುಲ್ಲು ಬಂತು. ನಮ್ಮಲ್ಲೂ ಮೂರು ಮಹಡಿಯ ಎರಡು ಮನೆಗಳ ನಡುವೆ ಬಿಸಿಲೇ ಕಾಣದ, ಗರಿಕೆಯೂ ಹುಟ್ಟದ ಹಿತ್ತಿಲುಗಳು ಎಷ್ಟೋ ಇವೆ. ಟರ್ಫ್‌ಗೆ ಸರಿಯಾದ ಜಾಗ ಅಂಥದ್ದು. ಬಿಸಿಲು ಚೆನ್ನಾಗಿ ಬೀಳುವ ಹಿತ್ತಿಲಿನಲ್ಲಿ ಇರುವ ಹುಲ್ಲನ್ನು ಕಿತ್ತು ಇದನ್ನು ಹಾಸುವುದು ತಪ್ಪು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಟರ್ಫ್ ಮೈದಾನದ ಮೇಲ್ಮೈ ಅಳೆದಾಗ ಸುಮಾರು 93 ಡಿಗ್ರಿ ಸೆಲ್ಸಿಯಸ್ ತೋರಿಸಿತ್ತು. ನೀರು ಹಾಕಿ ತಣಿಸಿದರೂ ಕೆಲವೇ ನಿಮಿಷಗಳಲ್ಲಿ ಮತ್ತೆ ಕಾಯತೊಡಗಿತು. ನಮ್ಮ ಮಾರ್ಚ್ ಬಿಸಿಲು ಅಷ್ಟಕ್ಕೆ ಹೋಗದಿದ್ದರೂ ಮಧ್ಯಾಹ್ನ ಬರಿಗಾಲಿನ ಮಗು ಅದರ ಮೇಲೆ ನಿಲ್ಲಲಾರದು.

ನೀರಿನ ಉಳಿತಾಯದ ವಾದ ಗಟ್ಟಿಯಾದದ್ದೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಬಿಡಬಾರದೆಂದು 5,000 ರೂಪಾಯಿ ದಂಡ ಗೊತ್ತುಮಾಡಿದಾಗ ಲಾನ್ ಇಟ್ಟವರು ಪೇಚಿಗೆ ಸಿಕ್ಕಿದ್ದು ನಿಜ. ಆದರೆ ಟರ್ಫ್ ಕೂಡ ಧೂಳು ತೊಳೆಯಲು, ಕಾವು ಇಳಿಸಲು ನೀರು ಕೇಳುತ್ತದೆ. ಲಾನಿನಷ್ಟಲ್ಲ, ಅಷ್ಟೇ.

ಎಳೆಗಳ ನಡುವೆ ತುಂಬುವ ಕಪ್ಪು ರಬ್ಬರ್ ಕಾಳಿನ ಬಗ್ಗೆ ನನಗೆ ರಾಜಿಯಿಲ್ಲ. ಅದು ಕಾಲಿಗೆ ಅಂಟಿ ಮನೆಯೊಳಗೆ, ಮಳೆಗೆ ಕೊಚ್ಚಿ ಚರಂಡಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ನಿಯಮ ತಂದು, ಇಂಥ ಕಾಳಿನ ಮಾರಾಟ ನಿಲ್ಲಿಸಲು ಎಂಟು ವರ್ಷದ ಗಡುವು ಕೊಟ್ಟಿದೆ. ಹಿತ್ತಿಲಿನ ಗಿಡ್ಡ ಎಳೆಯ ಟರ್ಫ್‌ಗೆ ತೊಳೆದ ಸಿಲಿಕಾ ಮರಳು ಸಾಕು.

ಇನ್ನು ಹಳೆಯದಾದ ಮೇಲಿನ ಪಾಡು. ಎಳೆ ಒಂದು ಬಗೆಯ ಪ್ಲಾಸ್ಟಿಕ್, ಬೆನ್ನಿನ ಬಟ್ಟೆ ಇನ್ನೊಂದು, ನಡುವೆ ಅಂಟು. ಬಿಡಿಸುವುದು ಕಷ್ಟವಾದ್ದರಿಂದ ಗುಜರಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸುರುಳಿ ಸುತ್ತಿ ಖಾಲಿ ಸೈಟಿಗೆ ಎಸೆಯುವವರು ಹುಟ್ಟಿಕೊಳ್ಳುವ ಮೊದಲೇ ಕೊಟೇಶನ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಬೇಕು: ಹಾಸಿದವರೇ ಅದನ್ನು ವಾಪಸು ಒಯ್ಯತಕ್ಕದ್ದು. ಒಪ್ಪದವರಿಗೆ ಕೆಲಸ ಕೊಡಬೇಡಿ.